ಭಾಲ್ಕಿಯಿಂದ ಔರಾದಿಗೆ ಹೋಗುತ್ತಿದ್ದ ಕುರ್ಚಿ

ಮೌಶಿಯ ಸೀರೆಗಳೆಲ್ಲ ಎಡಭುಜದ ಹತ್ತಿರ ಸವೆದಿರುತ್ತಿದ್ದವು. ಅಲ್ಲಿ ಒಂದು ಮಡಚುವ ಕಬ್ಬಿಣದ ಕುರ್ಚಿ ನೇತಾಡುತ್ತಿತ್ತು. ಬೆಳಿಗ್ಗೆ ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ಔರಾದ ಬಸ್ಸಿಗೆ ಕಾಯುವ ಜನರ ನಡುವೆ ಅವರನ್ನು ಹುಡುಕಬೇಕಾಗಿರಲಿಲ್ಲ. ಇಸ್ತ್ರಿ ಹಾಕಿದ ಕಾಟನ್ ಸೀರೆ, ದಪ್ಪ ಗಾಜಿನ ಕನ್ನಡಕ, ಬಲಗೈಯಲ್ಲಿ ರೊಟ್ಟಿ ಡಬ್ಬಿಯ ಚೀಲ, ಎಡಹೆಗಲಿಗೆ ಕುರ್ಚಿ. ನಿವೃತ್ತಿಯ ಹೊಸ್ತಿಲಲ್ಲಿದ್ದ ಸರ್ಕಾರಿ ಅಧೀಕ್ಷಕಿ ಹೀಗೆ ಕುರ್ಚಿ ಹೊತ್ತು ನಿಂತಿದ್ದರೆ ಜನ ನೋಡದೆ ಇರುತ್ತಾರೆಯೆ? ಮೊದಲ ದಿನ ಕಂಡಕ್ಟರ್, "ಯಾವ ಊರಾಗ ಲಗ್ನ ಅದರಿ, ಬಾಯಾರ?" ಎಂದು ಕೇಳಿದನಂತೆ. ಮಂಟಪಕ್ಕೆ ಕುರ್ಚಿ ಬಾಡಿಗೆ ಕೊಡುವವರೆಂದುಕೊಂಡಿದ್ದ. "ಲಗ್ನ ಅಲ್ಲಪ್ಪ, ನೌಕರಿ ಅದ" ಎಂದು ಹೇಳಿ ಮೌಶಿ ಕುರ್ಚಿಯನ್ನು ಡ್ರೈವರನ ಹಿಂದಿನ ಸಂದಿಯಲ್ಲಿ ತೂರಿಸಿದರಂತೆ.

ಅವರ ಹೆಸರು ನಾನು ಬರೆಯುವುದಿಲ್ಲ. ನಮ್ಮ ಇಲಾಖೆಯ ಹೆಸರನ್ನೂ ಬರೆಯುವುದಿಲ್ಲ. ಬರೆದರೆ ನಾಳೆ ನನ್ನ ಟೇಬಲ್ಲಿಗೆ ಒಂದು ಕಂದು ಲಕೋಟೆ ಬರುತ್ತದೆ, ಅದರೊಳಗೆ "ಸಮಜಾಯಿಷಿ ನೀಡತಕ್ಕದ್ದು" ಎಂದಿರುತ್ತದೆ. ಇಷ್ಟು ಹೇಳುತ್ತೇನೆ: ಬೀದರಿನಲ್ಲಿ ನಮ್ಮದೊಂದು ಜಿಲ್ಲಾ ಕಚೇರಿ, ಔರಾದಿನಲ್ಲಿ ತಾಲ್ಲೂಕು ಕಚೇರಿ. ಭಾಲ್ಕಿಯಲ್ಲಿ ಮನೆಯಿದ್ದ ಮೌಶಿ ಜಿಲ್ಲಾ ಕಚೇರಿಯ ಅಧೀಕ್ಷಕಿಯಾಗಿದ್ದರು. ನಾನು ಅವರ ಕೈಕೆಳಗೆ ಎರಡನೆಯ ದರ್ಜೆಯ ಗುಮಾಸ್ತೆಯಾಗಿ ಸೇರಿದೆ. ಮೌಶಿ ಎಂದರೆ ನಮ್ಮ ಕಡೆ ತಾಯಿಯ ತಂಗಿ. ಅವರು ನನ್ನ ತಾಯಿಯ ತಂಗಿಯಲ್ಲ. ಅವರದು ಮೆಹಕರ ಕಡೆಯ, ಬೌದ್ಧರಾದ ದಲಿತ ಮನೆತನ; ನಮ್ಮದು ಕಮಲನಗರದ ಹತ್ತಿರ ಕುರಿ ಕಾಯುವ ಮನೆತನ. ಕಚೇರಿಯಲ್ಲಿ ಮೇಡಂ ಎನ್ನುತ್ತಿದ್ದೆ. ಮೌಶಿ ಎನ್ನುವುದು ಹೇಗೆ ಶುರುವಾಯಿತೆಂದು ಮುಂದೆ ಹೇಳುತ್ತೇನೆ.

ಕೆಲಸಕ್ಕೆ ಸೇರಿದ ದಿನ ನಾನು ಅವರ ಟೇಬಲ್ಲಿನ ಮುಂದೆ ಕೈಕಟ್ಟಿ ನಿಂತಿದ್ದೆ. ನಮ್ಮ ವಂಶದಲ್ಲಿ ಸರ್ಕಾರಿ ಕಚೇರಿಯೊಳಗೆ ಕೂತವರು ಯಾರೂ ಇರಲಿಲ್ಲ. ಅಪ್ಪ ಪಹಣಿಗೆ ಹೋದಾಗಲೂ ನಿಂತಿದ್ದ, ಸತ್ತ ಕುರಿಯ ಪರಿಹಾರ ಕೇಳಲು ಹೋದಾಗಲೂ ನಿಂತಿದ್ದ. ಹಾಗೆ ನಿಲ್ಲುವುದೇ ಮರ್ಯಾದೆ ಎಂದು ನಾನು ಕಲಿತಿದ್ದೆ. ಮೌಶಿ ತಲೆ ಎತ್ತದೆ ಬರೆಯುತ್ತಲೇ, "ಯಾಕ ನಿಂತೀದಿ? ಕೂಡು" ಎಂದರು. ಪರವಾಗಿಲ್ಲ ಎಂದೆ. ಆಗ ಪೆನ್ನು ಕೆಳಗಿಟ್ಟು ನನ್ನನ್ನು ಪೂರ್ತಿ ನೋಡಿದರು.

"ನೋಡು ತಂಗಿ, ಈ ದಫ್ತರದಾಗ ನಿಂತವ್ರ ಮಾತು ಅರ್ಜಿ, ಕುಂತವ್ರ ಮಾತು ಹುಕುಂ. ಪಗಾರ ತಗೊಂಡು ಅರ್ಜಿ ಯಾಕ ಆಗ್ತಿ?"

ಇದು ಅವರ ಮಾತು. ಅವರು ಇದನ್ನು ಎಲ್ಲರಿಗೂ ಹೇಳುತ್ತಿದ್ದರು. ಯಾರ ಕೋಣೆಗೆ ಹೋದರೂ ಮೊದಲು ಅವರ ಕಣ್ಣು ಖಾಲಿ ಕುರ್ಚಿ ಹುಡುಕುತ್ತಿತ್ತು. ಸಾಹೇಬರು ಕೂಡಿರಿ ಎನ್ನದಿದ್ದರೆ, "ಕೂಡ್ತೇನಿರಿ" ಎಂದು ಇವರೇ ಹೇಳಿ ಕೂತುಬಿಡುತ್ತಿದ್ದರು. ಹಳ್ಳಿಯಿಂದ ಬಂದ ಮುದುಕರು ಕಾಗದ ಹಿಡಿದು ನಿಂತರೆ, ಕೂಡುವವರೆಗೆ ಅವರ ಕಾಗದ ಮುಟ್ಟುತ್ತಿರಲಿಲ್ಲ. ಆ ಮುದುಕರಿಗೆ ಅದು ಶಿಕ್ಷೆಯಂತೆ ಕಾಣುತ್ತಿತ್ತು. ಕುರ್ಚಿಯ ಅಂಚಿನಲ್ಲಿ ಮುಳ್ಳಿನ ಮೇಲೆ ಕೂತಂತೆ ಕೂರುತ್ತಿದ್ದರು. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ನನ್ನ ಮುಂದೆ ತಳ್ಳಿ, "ತಿನ್ನು, ನಿನ್ನ ರೂಮಿನ ಅನ್ನ ನೋಡಿದ್ರ ನಂಗೇ ಹಸಿವು ಸಾಯ್ತದ" ಎಂದು ಗೇಲಿ ಮಾಡುತ್ತಿದ್ದರು.

ಆ ಡಬ್ಬಿಯಿಂದ ತಿನ್ನುತ್ತಿದ್ದವಳು ಆ ಕಚೇರಿಯಲ್ಲಿ ನಾನೊಬ್ಬಳೇ ಎನ್ನುವುದು ನನಗೆ ತಡವಾಗಿ ಹೊಳೆಯಿತು. ಯಾರೂ ಏನೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಈ ಕಾಲದಲ್ಲಿ ಯಾರು ಹೇಳುತ್ತಾರೆ? ಎಲ್ಲರಿಗೂ ಕಾನೂನು ಗೊತ್ತು. ಊಟದ ಹೊತ್ತಿಗೆ ಒಬ್ಬರಿಗೆ ಉಪವಾಸ, ಇನ್ನೊಬ್ಬರಿಗೆ ಹೊಟ್ಟೆ ಸರಿಯಿಲ್ಲ, ಅಷ್ಟೆ. ದಸರೆಗೆ ಕಚೇರಿಯಲ್ಲಿ ಆಯುಧಪೂಜೆ ಮಾಡುತ್ತಿದ್ದರು. ಕಂಪ್ಯೂಟರಿಗೆ ಕುಂಕುಮ, ಜೀಪಿಗೆ ಬಾಳೆಕಂಬ. ಕಚೇರಿಯ ಹಿರಿಯ ಅಧೀಕ್ಷಕರು ಕಾಯಿ ಒಡೆಯುವುದು ಅಲ್ಲಿನ ರೂಢಿ. ಮೌಶಿ ಹಿರಿಯರಾದ ವರ್ಷದಿಂದ ರೂಢಿ ಬದಲಾಯಿತು. ಕಾಯಿಯನ್ನು ಡ್ರೈವರನ ಕೈಗೆ ಕೊಡಲು ಶುರುಮಾಡಿದರು. ವಾಹನದ ಪೂಜೆ ಅಲ್ಲವೆ, ಡ್ರೈವರೇ ಒಡೆಯಲಿ ಎಂದರು. ಎಷ್ಟು ನಾಜೂಕು ನೋಡಿ! ನನಗೆ ಇವತ್ತಿಗೂ ಆ ನಾಜೂಕಿನ ಮೇಲೆಯೇ ಹೆಚ್ಚು ಸಿಟ್ಟು. ಬೈದರೆ ತಿರುಗಿ ಬೈಯಬಹುದು. ಮಂಗಳಾರತಿ ತಟ್ಟೆ ಹಿಡಿದು ನಗುನಗುತ್ತ ದೂರವಿಡುವವರನ್ನು ಏನು ಮಾಡುವುದು?

ಅಂಥವರೇ ಮೌಶಿಯ ಹೆಸರನ್ನು ಬೋರ್ಡಿನ ಮೇಲೆ ಬರೆಸಿದರು. ಹೆಣ್ಣುಮಕ್ಕಳು ಕೆಲಸ ಮಾಡುವ ಜಾಗದಲ್ಲಿ ಕಿರುಕುಳವಾದರೆ ದೂರು ಕೇಳಲು ಒಂದು ಆಂತರಿಕ ಸಮಿತಿ ಇರಬೇಕು, ಹಿರಿಯ ಮಹಿಳಾ ನೌಕರರು ಅದರ ಅಧ್ಯಕ್ಷೆಯಾಗಿರಬೇಕು ಎಂದು ನಿಯಮ. ಬೆಂಗಳೂರಿನಿಂದ ತಪಾಸಣೆಗೆ ಬರುತ್ತಾರೆಂದು ಗೊತ್ತಾದ ಮೇಲೆ ನಮ್ಮಲ್ಲಿ ಪೇಂಟರನನ್ನು ಕರೆಸಿ, ಮೆಟ್ಟಿಲ ಪಕ್ಕದ ಗೋಡೆಗೆ ನೀಲಿ ಬೋರ್ಡು ಹೊಡೆಸಿ, ಬಿಳಿ ಅಕ್ಷರದಲ್ಲಿ ಮೌಶಿಯ ಹೆಸರನ್ನೂ ಇನ್ನಿಬ್ಬರು ಸದಸ್ಯರ ಹೆಸರನ್ನೂ ಬರೆಸಿದರು. ಫೋಟೊ ತೆಗೆದು ಮೇಲಕ್ಕೆ ಕಳಿಸಿದರು. ಬೋರ್ಡಿನ ಬಣ್ಣ ಒಣಗಿದ ಕೂಡಲೇ ಸಮಿತಿಯ ಕೆಲಸವೂ ಮುಗಿಯಿತು ಎಂದುಕೊಂಡರು. ಹಿರಿಯ ಹೆಂಗಸು ಬೇರೆ ಯಾರೂ ಇರಲಿಲ್ಲ, ಆದ್ದರಿಂದ ಆ ಹೆಸರು. ಅವರು ಮಾಡಿದ ತಪ್ಪು ಇದೊಂದೇ: ಬೋರ್ಡನ್ನು ಮೌಶಿ ನಂಬುತ್ತಾರೆ ಎಂದು ಅವರಿಗೆ ತೋಚಲಿಲ್ಲ.

ನಮ್ಮ ವಿಭಾಗಕ್ಕೆ ಒಬ್ಬ ಸಾಹೇಬನಿದ್ದ. ಫೈಲು ತೆಗೆದುಕೊಂಡು ಹೋದರೆ ಟೇಬಲ್ಲಿನ ಆಚೆ ನಿಲ್ಲಲು ಬಿಡುತ್ತಿರಲಿಲ್ಲ. "ಈಚೆ ಬಾ, ಇಲ್ಲಿ ತೋರ್ಸು" ಎಂದು ತನ್ನ ಕುರ್ಚಿಯ ಪಕ್ಕಕ್ಕೆ ಕರೆಯುತ್ತಿದ್ದ. ನಾನು ನಿಂತಿರಬೇಕು, ಅವನು ಕೂತು ಸಹಿ ಮಾಡುತ್ತಿರಬೇಕು, ಸಹಿ ಮಾಡದ ಕೈ ನನ್ನ ಸೊಂಟದ ಹತ್ತಿರ ಅಲೆಯುತ್ತಿರಬೇಕು. ಸರಿದರೆ ಸಹಿ ನಿಲ್ಲುತ್ತಿತ್ತು. ಇದನ್ನು ಇದಕ್ಕಿಂತ ಹೆಚ್ಚು ಬಿಡಿಸಿ ಬರೆಯುವ ಮನಸ್ಸು ನನಗಿಲ್ಲ. ಓದುವ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಯೂ ಇಲ್ಲ.

ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಪ್ರೊಬೇಷನ್ ಮುಗಿಯುವ ತನಕ ತಡೆದುಕೋ ಎಂದು ಒಬ್ಬರು, ಅವನಿಗೆ ವರ್ಗವಾಗುತ್ತದೆ ಬಿಡು ಎಂದು ಇನ್ನೊಬ್ಬರು ಬುದ್ಧಿ ಹೇಳಿದರು. ಎಲ್ಲರೂ ನನಗೇ ಬುದ್ಧಿ ಹೇಳಿದರು. ಅವನಿಗೆ ಹೇಳಿದವರು ಒಬ್ಬರೂ ಇಲ್ಲ. ಕೊನೆಗೊಂದು ದಿನ ಮೌಶಿಯ ಟೇಬಲ್ಲಿನ ಮುಂದೆ ನಿಂತು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಕೂರಿಸಿದರು, ನೀರು ಕೊಟ್ಟರು, ಅಳು ಮುಗಿದ ಮೇಲೆ ಕೇಳಿದರು: "ಇದನ್ನ ಅವನ ಎದುರಿಗಿ ಕುಂತು ಹೇಳ್ತಿಯೇನು?" ಹೇಳುತ್ತೇನೆ ಎಂದೆ. "ಹಂಗಾದ್ರ ಬರಕೊಡು. ಬೋರ್ಡಿನ ಮ್ಯಾಲ ನನ್ನ ಹೆಸರದ, ನಾ ಕೇಳ್ತೇನಿ."

ಆ ಸಮಿತಿ ಕೂತದ್ದು ನಮ್ಮ ಸಭಾಕೋಣೆಯಲ್ಲಿ. ಅಲ್ಲಿ ಒಂದು ಎತ್ತರದ ಬೆನ್ನಿನ, ತಿರುಗುವ ಕುರ್ಚಿಯಿತ್ತು, ಸಾಹೇಬರು ಕೂರುವಂಥದ್ದು. ಮೌಶಿ ಬೆಳಿಗ್ಗೆಯೇ ಅದನ್ನು ಹೊರಗೆ ಹಾಕಿಸಿ, ಒಂದೇ ಅಳತೆಯ ಪ್ಲಾಸ್ಟಿಕ್ ಕುರ್ಚಿಗಳನ್ನು ಸುತ್ತ ಇಡಿಸಿದರು. ನನ್ನನ್ನು ಮೊದಲು ಕೂರಿಸಿದರು. ಸಾಹೇಬ ಬಂದು ನೋಡಿ, ಆ ಕುರ್ಚಿಯಲ್ಲಿ ಕೂರುವುದು ತನ್ನ ಘನತೆಗೆ ಕಡಿಮೆ ಎಂದು ನಿಂತೇ ಮಾತಾಡತೊಡಗಿದ. ಹುಡುಗಿಗೆ ಕೆಲಸ ಬರುವುದಿಲ್ಲ, ಬೈದಿದ್ದಕ್ಕೆ ಹಗೆ ಸಾಧಿಸುತ್ತಿದ್ದಾಳೆ ಎಂದ. ಮೌಶಿ ಬರೆದುಕೊಳ್ಳಲಿಲ್ಲ.

"ಕೂಡ್ರಿ ಸಾಹೇಬ್ರ," ಎಂದರು. "ನೀವು ನಿಂತು ಮಾತಾಡಿದ್ರ ಅದು ಅರ್ಜಿ ಆಗ್ತದ. ಈ ಸಮಿತಿ ಅರ್ಜಿ ತಗೊಳ್ಳಂಗಿಲ್ಲ, ಜವಾಬು ತಗೊಳ್ತದ."

ಉಳಿದ ಇಬ್ಬರು ಸದಸ್ಯರು ಗೋಡೆ ನೋಡುತ್ತಿದ್ದರು. ಅವನು ಬಹಳ ಹೊತ್ತು ನಿಂತಿದ್ದ. ಆಮೇಲೆ ಕೂತ. ಇಬ್ಬರ ಕಣ್ಣೂ ಒಂದೇ ಎತ್ತರದಲ್ಲಿದ್ದಾಗ ಹೇಳಬೇಕಾದ್ದನ್ನೆಲ್ಲ ಹೇಳಿದೆ. ನನ್ನಂತೆಯೇ ಈಚೆ ಬಂದು ನಿಂತಿದ್ದ ಇನ್ನೊಬ್ಬಳು ಟೈಪಿಸ್ಟ್ ಕೂಡ ಅವತ್ತು ತಾನಾಗಿ ಬಂದು ಕೂತು ಹೇಳಿದಳು. ದೂರು ನಿಜ ಎಂದು ಸಮಿತಿ ವರದಿ ಕೊಟ್ಟಿತು. ಸದಸ್ಯರಿಬ್ಬರೂ ಸಹಿ ಹಾಕುವವರೆಗೆ ಮೌಶಿ ಅವರೆದುರಿನಿಂದ ಏಳಲಿಲ್ಲ.

ಸಾಹೇಬನಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಮರುವರ್ಷ ಬಡ್ತಿಯೂ ಆಯಿತು. ಇದನ್ನು ಬರೆಯುವಾಗಲೂ ನನ್ನ ಹಲ್ಲು ಕಟಕಟಿಸುತ್ತದೆ.

ನನಗೆ ಮಾತ್ರ ಏನೂ ಆಗಲಿಲ್ಲ. ಕೂದಲೂ ಕೊಂಕಲಿಲ್ಲ. ಯಾಕೆ ಎಂದು ಆಗ ಅರ್ಥವಾಗಿರಲಿಲ್ಲ. ದೂರು ಕೊಟ್ಟವಳನ್ನು ಮುಟ್ಟಬಾರದು, ಮುಟ್ಟಿದರೆ ಅದೇ ಇನ್ನೊಂದು ಕೇಸಾಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ದೂರು ಕೊಟ್ಟವಳಿಗೆ ರಕ್ಷಣೆ ಇದೆ. ದೂರು ಕೇಳಿದವಳಿಗೆ? ಅವಳ ಹಿಂದೆ ಯಾರು ನಿಲ್ಲುತ್ತಾರೆ? ತಿಂಗಳು ತುಂಬುವುದರೊಳಗೆ ಮೌಶಿಗೆ ಔರಾದಿಗೆ ವರ್ಗದ ಆದೇಶ ಬಂತು, "ಆಡಳಿತಾತ್ಮಕ ಹಿತದೃಷ್ಟಿಯಿಂದ" ಎಂದು. ಈ ಎರಡು ಪದಗಳಷ್ಟು ಸುಳ್ಳನ್ನು ಕನ್ನಡದಲ್ಲಿ ಬೇರೆ ಯಾವ ಪದಗಳೂ ಹೊತ್ತಿಲ್ಲ. ಯಾವ ಆಡಳಿತ? ಯಾರ ಹಿತ? ನಾನು ಊರಿಗೆ ಹೋಗಿ ಅಪ್ಪನ ಮುಂದೆ ಕೂಗಾಡಿದೆ. ಅಪ್ಪ ಬೀಡಿ ಆರಿಸಿ ಹೇಳಿದ: "ತ್ವಾಳಕ್ಕ ಕುರಿ ಮ್ಯಾಲ ಸಿಟ್ಟಿರಂಗಿಲ್ಲವ್ವಾ. ಕುರಿ ಕಾಯೋರ ಮ್ಯಾಲ ಇರ್ತದ."

ಔರಾದಿನ ಕಚೇರಿಯಲ್ಲಿ ಮೌಶಿಗೆ ಕುರ್ಚಿ ಕೊಡಲಿಲ್ಲ. ಹಾಜರಿ ಹಾಕಿಸಿಕೊಂಡರು, ಕೆಲಸ ಕೊಡಲಿಲ್ಲ, ಟೇಬಲ್ಲು ಕೊಡಲಿಲ್ಲ, ಕೂರಲು ಒಂದು ಸ್ಟೂಲನ್ನೂ ಕೊಡಲಿಲ್ಲ. ಅಲ್ಲಿನ ಅಧಿಕಾರಿ ಕೆಟ್ಟವನಲ್ಲವಂತೆ, ಅವನ ಮಾತು ಕೇಳಿದರೆ. "ನನ್ನ ಕೈಯಾಗ ಏನಿಲ್ಲರಿ, ಮ್ಯಾಲಿಂದ ಫೋನ್ ಬಂದದ" ಎಂದು ಸಂಕೋಚದಿಂದ ಹೇಳಿದನಂತೆ. ಈ ಸಂಕೋಚದವರಿಂದಲೇ ದೇಶ ನಡೆಯುತ್ತಿದೆ. ಬೇಲಿಯೇ ಎದ್ದು ಹೊಲ ಮೇಯುವಾಗ, ನಾನು ಬರೀ ಗೂಟ, ನನ್ನ ಕೈಯಲ್ಲಿ ಏನಿದೆ ಎನ್ನುವವರು ಇವರು. ಯಾರೂ ನಿಂತು ಮಾತಾಡಬಾರದೆಂದು ಜೀವನವೆಲ್ಲ ಹೇಳಿದ ಹೆಂಗಸನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು. ಅವರಿಗೆ ಸಕ್ಕರೆ ಕಾಯಿಲೆಯಿತ್ತು. ಸಂಜೆ ಮನೆಗೆ ಹೋಗುವಷ್ಟರಲ್ಲಿ ಕಾಲು ಚಪ್ಪಲಿಯೊಳಗೆ ಹಿಡಿಯುತ್ತಿರಲಿಲ್ಲ. ಮೇಲಿನವರಿಗೆ ಬೇಕಿದ್ದದ್ದು ಏನೆಂದು ಎಲ್ಲರಿಗೂ ಗೊತ್ತಿತ್ತು: ರಾಜೀನಾಮೆ, ಇಲ್ಲವೇ ಕಣ್ಣೀರು.

ವಾರ ಕಳೆದ ಮೇಲೆ ಮೌಶಿ ಭಾಲ್ಕಿಯ ಅಂಗಡಿಯಲ್ಲಿ ಒಂದು ಮಡಚುವ ಕುರ್ಚಿ ಕೊಂಡು ಔರಾದಿಗೆ ಒಯ್ದರು. ವರಾಂಡದಲ್ಲಿ ಹಾಕಿಕೊಂಡು ಕೂತರು. ಸಂಜೆ ಅದನ್ನು ಅಲ್ಲಿಯೇ ಗೋಡೆಗೆ ಆನಿಸಿಟ್ಟು ಮನೆಗೆ ಬಂದರು. ಮರುದಿನ ಹೋಗಿ ನೋಡಿದರೆ ಕುರ್ಚಿಯ ಬೆನ್ನಿಗೆ ಬಿಳಿ ಬಣ್ಣದಲ್ಲಿ ಇಲಾಖೆಯ ಹೆಸರು, ಒಂದು ನಂಬರು. ಅದರ ಮೇಲೆ ಒಬ್ಬ ಗುಮಾಸ್ತ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಇದು ನನ್ನ ಕುರ್ಚಿ ಎಂದರೆ, ಇಲ್ಲ ಮೇಡಂ, ಸರ್ಕಾರದ್ದು, ನಂಬರು ನೋಡಿ ಎಂದ. ನನಗೆ ಇದನ್ನು ಹೇಳುವಾಗ ಮೌಶಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನನಗೆ ನಗು ಬರಲಿಲ್ಲ. ಸರ್ಕಾರ ಅವರಿಗೆ ಕುರ್ಚಿ ಕೊಡಲಿಲ್ಲ, ಅವರೇ ಸರ್ಕಾರಕ್ಕೆ ಒಂದು ಕುರ್ಚಿ ಕೊಟ್ಟರು. ಅದು ಈಗಲೂ ಔರಾದಿನ ಆ ಕಚೇರಿಯಲ್ಲಿದೆ, ಬೇಕಾದವರು ಹೋಗಿ ನೋಡಬಹುದು.

ಮತ್ತೊಂದು ಕುರ್ಚಿ ಕೊಂಡರು. ಅದನ್ನು ದಿನಾ ಹೊತ್ತು ತಂದು ದಿನಾ ಹೊತ್ತು ಒಯ್ಯುತ್ತಿದ್ದರು.

ಒಂದು ಸಲ ರಜೆ ಹಾಕಿ ಅವರ ಜೊತೆ ಭಾಲ್ಕಿಯಿಂದ ಔರಾದಿನವರೆಗೆ ಹೋದೆ. ಕುರ್ಚಿ ನಾನು ಹೊತ್ತುಕೊಳ್ಳುತ್ತೇನೆ ಎಂದರೆ ಕೊಡಲಿಲ್ಲ. ಬಸ್ಸಿನಲ್ಲಿ ಅವರ ಪಕ್ಕ ಕೂತು, ಬಹಳ ದಿನದಿಂದ ಎದೆಯಲ್ಲಿದ್ದುದನ್ನು ಹೇಳಿದೆ: ನನ್ನ ಸಲುವಾಗಿ ನಿಮಗೆ ಈ ಗತಿ ಬಂತಲ್ಲ ಮೇಡಂ ಎಂದು. ಅವರಿಗೆ ಸಿಟ್ಟು ಬಂತು. ಅವರ ಸಿಟ್ಟು ನಾನು ನೋಡಿದ್ದು ಅದೊಂದೇ ಸಲ.

"ನಿನ್ನ ಸಲುವಾಗಿ ಏನೂ ಮಾಡಿಲ್ಲ ನಾ. ಆ ಬೋರ್ಡಿನ ಮ್ಯಾಲ ನನ್ನ ಹೆಸರು ನಾ ಬರೆಸಿದ್ನೇನು? ಅವರೇ ಬರೆಸ್ಯಾರ. ಕಾಯಿ ಒಡೀಲಿಕ್ಕಿ ನನ್ನ ಹೆಸರು ಬ್ಯಾಡಾಗಿತ್ತು, ಬೋರ್ಡಿಗಿ ಬೇಕಾತು. ಬರೆದ ಮ್ಯಾಲ ಆ ಹೆಸರು ಕೆಲಸಾ ಮಾಡ್ಬೇಕೋ ಬ್ಯಾಡೋ?" ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ತೊಗರಿ ಹೊಲ ನೋಡಿದರು. "ಮತ್ತ ಮೇಡಂ ಮೇಡಂ ಅನಬ್ಯಾಡ. ದಫ್ತರ ಹಿಂದ ಹೋತು. ಮೌಶಿ ಅನ್ನು."

ಔರಾದಿನಲ್ಲಿ ಅವರ ವರಾಂಡ ನೋಡಿದೆ. ಬಿಸಿಲು ಸರಿದಂತೆ ಕುರ್ಚಿ ಸರಿಸಿಕೊಳ್ಳುತ್ತಿದ್ದರು. ಕೆಲಸವಿಲ್ಲದ ಅಧೀಕ್ಷಕಿ ಸುಮ್ಮನೆ ಕೂತಿದ್ದಾರೆಂದು ಹಳ್ಳಿಯ ಹೆಂಗಸರು ಅರ್ಜಿ ಬರೆಸಲು ಬರುತ್ತಿದ್ದರು. ಹಾಗೆ ಬಂದ ಒಬ್ಬ ಬಸುರಿಯನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ಕಟ್ಟೆಯ ಮೇಲೆ ಕಾಗದವಿಟ್ಟುಕೊಂಡು ಬರೆದುಕೊಟ್ಟರು. ಆ ಕುರ್ಚಿಗೂ ಒಂದು ನೋಟಿಸು ಬಂತು. ಅನುಮತಿಯಿಲ್ಲದೆ ಖಾಸಗಿ ಪೀಠೋಪಕರಣವನ್ನು ಸರ್ಕಾರಿ ಕಚೇರಿಗೆ ತಂದದ್ದು ನಡತೆ ನಿಯಮದ ಉಲ್ಲಂಘನೆಯಂತೆ, ಶಿಸ್ತುಕ್ರಮ ಏಕೆ ಜರುಗಿಸಬಾರದಂತೆ. ಮೌಶಿ ಒಂದೇ ಸಾಲಿನ ಉತ್ತರ ಕೊಟ್ಟರು: ಸರ್ಕಾರಿ ಕುರ್ಚಿ ಕೊಟ್ಟ ದಿನ ಖಾಸಗಿ ಕುರ್ಚಿ ತರುವುದನ್ನು ನಿಲ್ಲಿಸುತ್ತೇನೆ. ಮೇಲಿನವರಿಗೂ ದೂರು ಬರೆದಿದ್ದರು. ಆ ದೂರು ಮೇಲೆ ಹೋಗಿ, ಕೆಳಗಿಳಿದು, ಯಾರ ಮೇಲೆ ದೂರಿತ್ತೋ ಅವರ ಟೇಬಲ್ಲಿಗೇ "ಪರಿಶೀಲಿಸಿ ಕ್ರಮ ಕೈಗೊಳ್ಳಿ" ಎಂದು ಬಂದು ಕೂತಿತು. ಕಳ್ಳನ ಕೈಗೆ ಬೀಗದ ಕೈ ಎನ್ನುವುದು ಗಾದೆ ಎಂದುಕೊಂಡಿದ್ದೆ. ನಮ್ಮಲ್ಲಿ ಅದು ಕಾರ್ಯವಿಧಾನ.

ಒಂದು ದಿನ ಮಾತ್ರ ಅವರಿಗೆ ಸರ್ಕಾರಿ ಕುರ್ಚಿ ಸಿಕ್ಕಿತು. ಕಲಬುರಗಿಯಿಂದ ದೊಡ್ಡ ಅಧಿಕಾರಿ ತಪಾಸಣೆಗೆ ಬರುವವರಿದ್ದರು. ಬೆಳಿಗ್ಗೆ ಅವಸರದಲ್ಲಿ ಒಳಗೆ ಒಂದು ಟೇಬಲ್ಲು, ಕುಶನ್ ಕುರ್ಚಿ ಹಾಕಿ, ನಾಲ್ಕು ಫೈಲು ಜೋಡಿಸಿ, ಇಲ್ಲಿ ಕೂಡಿರಿ ಎಂದರು. ಮೌಶಿ ಆ ಕುರ್ಚಿಯ ಪಕ್ಕದಲ್ಲಿ ತಮ್ಮ ಕಬ್ಬಿಣದ ಕುರ್ಚಿ ಬಿಡಿಸಿ ಅದರಲ್ಲಿ ಕೂತರು. ಬಂದ ಅಧಿಕಾರಿ ಯಾಕೆ ಹೀಗೆ ಎಂದು ಕೇಳಿದರು. "ಅದು ಮುಂಜಾನಿ ಬಂದದರಿ, ಸಂಜಿಗಿ ಹೋಗ್ತದ. ಇದು ನನ ಕೂಡ ಮನಿಗಿ ಬರ್ತದ" ಎಂದರಂತೆ ಮೌಶಿ. ಅಧಿಕಾರಿ ನಕ್ಕು, ಭುಜ ತಟ್ಟುವ ಧಾಟಿಯಲ್ಲಿ ನೀವು ಬಹಳ ಹಾಸ್ಯಪ್ರಜ್ಞೆಯವರು ಎಂದು ಹೇಳಿ ಚಹ ಕುಡಿದು ಹೋದರು. ಸಂಜೆ ಕುಶನ್ ಕುರ್ಚಿ ಹೋಯಿತು. ಮೌಶಿ ಹಾಸ್ಯ ಮಾಡಿರಲಿಲ್ಲ ಎಂದು ಆ ಮಹಾನುಭಾವರಿಗೆ ಯಾರು ಹೇಳಬೇಕು?

ನಿವೃತ್ತಿಗೆ ಇನ್ನು ಕೆಲವೇ ತಿಂಗಳಿದ್ದವು. ಒಂದು ಭಾನುವಾರ ಬುದ್ಧವಿಹಾರದಿಂದ ಮನೆಗೆ ಬಂದು, ಎದೆ ಹಿಡಿದುಕೊಂಡಿದೆ ಎಂದರಂತೆ. ಬೀದರಿನ ಆಸ್ಪತ್ರೆಗೆ ತರುವ ದಾರಿಯಲ್ಲಿ ಹೋದರು. ಕುರ್ಚಿಯಿಂದ ಸತ್ತರು ಎಂದು ನಾನು ಹೇಳುವುದಿಲ್ಲ. ಡಾಕ್ಟರು ಹೃದಯ ಎಂದರು, ಸಕ್ಕರೆ ಎಂದರು. ಆದರೆ ಗೋಡೆಗೆ ಒರಗಿ ನಿಂತ ಆ ವಾರವನ್ನು, ಹೆಗಲ ಮೇಲಿನ ಆ ಭಾರವನ್ನು ಯಾವ ಡಾಕ್ಟರು ತಪಾಸಣೆ ಮಾಡಿದ್ದರು?

ಸೇವೆಯಲ್ಲಿದ್ದಾಗಲೇ ತೀರಿಕೊಂಡದ್ದರಿಂದ ಜಿಲ್ಲಾ ಕಚೇರಿಯಲ್ಲಿ ಶೋಕಸಭೆ ಮಾಡಿದರು. ಅದೇ ಸಭಾಕೋಣೆ. ನಾನು ಒಳಗೆ ಹೋದಾಗ ಮುಂದುಗಡೆ ಆ ಎತ್ತರದ ಬೆನ್ನಿನ ತಿರುಗುವ ಕುರ್ಚಿಯಿತ್ತು. ಅದಕ್ಕೆ ಬಿಳಿ ಬಟ್ಟೆ ಹೊದಿಸಿ, ಮೌಶಿಯ ದೊಡ್ಡ ಫೋಟೊ ಕೂರಿಸಿ, ಸೇವಂತಿಗೆ ಹಾರ ಹಾಕಿದ್ದರು. ಬದುಕಿದ್ದಾಗ ಒಂದು ಸ್ಟೂಲು ಹುಟ್ಟದ ಇಲಾಖೆಗೆ ಸತ್ತ ಮೇಲೆ ಸಾಹೇಬರ ಕುರ್ಚಿಯೇ ಹುಟ್ಟಿತ್ತು. ಕರ್ತವ್ಯನಿಷ್ಠೆ, ಸರಳ ಜೀವನ, ತುಂಬಲಾರದ ನಷ್ಟ ಎಂದು ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಔರಾದಿನ ಅಧಿಕಾರಿ ಕಣ್ಣು ಒರೆಸಿಕೊಂಡ. ಅವನ ಕಣ್ಣೀರು ಸುಳ್ಳಲ್ಲ ಎನ್ನುವುದೇ ನನಗೆ ತಡೆಯಲಾಗದ್ದು.

ಮೌನ ಆಚರಿಸಲು ಎಲ್ಲರೂ ಎದ್ದು ನಿಂತರು. ನಾನು ಏಳಲಿಲ್ಲ. ಪಕ್ಕದವರು ಮೊಣಕೈಯಿಂದ ತಿವಿದರು, ಏಳಲಿಲ್ಲ. ಅಷ್ಟೂ ಜನ ತಲೆತಗ್ಗಿಸಿ ಮೌಶಿಯೆದುರು ನಿಂತಿದ್ದರು, ಕುರ್ಚಿಯಲ್ಲಿ ಮೌಶಿ ಕೂತಿದ್ದರು. ಅವರ ಪಕ್ಕಕ್ಕೆ ಕೂತವಳು ಒಬ್ಬಳಾದರೂ ಇರಲಿ ಎನಿಸಿತು. ಸಂಜೆ ನನಗೆ ಕಂದು ಲಕೋಟೆ ಬಂತು: ಶೋಕಸಭೆಯಲ್ಲಿ ಮೃತರಿಗೆ ಅಗೌರವ ತೋರಿದ ಬಗ್ಗೆ ಸಮಜಾಯಿಷಿ ನೀಡತಕ್ಕದ್ದು. ಮೃತರ ಆದೇಶದಂತೆ ಕುಳಿತಿದ್ದೆ ಎಂದು ಬರೆದುಕೊಟ್ಟೆ. ಅದರ ಮೇಲೆ ಏನು ಕ್ರಮ ಆಗುತ್ತದೋ ಆಗಲಿ.

ಭಾಲ್ಕಿಯ ಮನೆಗೆ ಹೋದಾಗ ಅವರ ಯಜಮಾನರು, ನಿವೃತ್ತ ಮಾಸ್ತರು, ಮೂಲೆಯಲ್ಲಿದ್ದ ಕಬ್ಬಿಣದ ಕುರ್ಚಿ ತಂದು ನನ್ನ ಮುಂದಿಟ್ಟರು. "ಇದು ಮನ್ಯಾಗಿದ್ರ ನನಗ ನೋಡಾಕ ಆಗಂಗಿಲ್ಲ. ನೀ ಒಯ್ಯಿ" ಎಂದರು. ಎಡಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಅದು ಅಷ್ಟು ಭಾರವಿದೆಯೆಂದು ನನಗೆ ಗೊತ್ತಿರಲಿಲ್ಲ. ಬಸ್ಸಿನ ಹತ್ತಿರ ಬರುವಷ್ಟರಲ್ಲಿ ಎರಡು ಸಲ ಇಳಿಸಿದೆ.

ಈಗ ಅದು ಬೀದರಿನ ಕಚೇರಿಯಲ್ಲಿ ನನ್ನ ಟೇಬಲ್ಲಿನ ಪಕ್ಕ ಗೋಡೆಗೆ ಒರಗಿ ನಿಂತಿರುತ್ತದೆ. ನಾನೂ ಸಂಜೆ ಅದನ್ನು ರೂಮಿಗೆ ಒಯ್ಯುತ್ತೇನೆ. ಬಣ್ಣದ ಡಬ್ಬಿಯವರನ್ನು ನಂಬುವುದಿಲ್ಲ. ಮೆಟ್ಟಿಲ ಪಕ್ಕದ ನೀಲಿ ಬೋರ್ಡು ಹಾಗೇ ಇದೆ. ಮೌಶಿಯನ್ನು ಔರಾದಿಗೆ ಓಡಿಸಿದಾಗಲೂ ಅದನ್ನು ಯಾರೂ ಅಳಿಸಲಿಲ್ಲ, ಸತ್ತ ಮೇಲೂ ಅಳಿಸಲಿಲ್ಲ. ಮುಂದಿನ ತಪಾಸಣೆ ಬರುವವರೆಗೆ ಅಳಿಸುವುದೂ ಇಲ್ಲ. ಹೊಸ ಸಮಿತಿ ಮಾಡಿ ಎಂದು ನಾನು ಬರೆದುಕೊಟ್ಟದ್ದು ಯಾವ ಟೇಬಲ್ಲಿನ ಮೇಲಿದೆಯೋ.

ಹೋದ ತಿಂಗಳು ಒಬ್ಬ ಹುಡುಗಿ ಬಂದಳು. ಹೊಸದಾಗಿ ಸೇರಿದವಳು, ಇನ್ನೂ ಪ್ರೊಬೇಷನ್‌ನಲ್ಲಿರುವವಳು, ಆಚೆ ಕೋಣೆಯ ವಿಭಾಗದವಳು. ಎರಡು ದಿನದಿಂದ ಮೆಟ್ಟಿಲ ಹತ್ತಿರ ನಿಂತು ಆ ಬೋರ್ಡು ಓದುತ್ತಿದ್ದುದನ್ನು ನೋಡಿದ್ದೆ. ಅವತ್ತು ಕೈಯಲ್ಲಿ ಮಡಚಿದ ಕಾಗದ ಹಿಡಿದು ನನ್ನ ಟೇಬಲ್ಲಿನ ಮುಂದೆ ನಿಂತಳು. ಕಣ್ಣು ಕೆಂಪಾಗಿತ್ತು.

"ಅಕ್ಕಾರ, ಬೋರ್ಡಿನ ಮ್ಯಾಲ ಹೆಸರು ಅದ ಅಲ್ಲರಿ, ಅಧ್ಯಕ್ಷಿ ಅಂತ. ಆ ಮೇಡಂ ಯಾವ ರೂಮಿನ್ಯಾಗ ಕೂಡ್ತಾರ್ರಿ?"

ಎದ್ದು ಗೋಡೆಗೆ ಆನಿಸಿದ್ದ ಕುರ್ಚಿಯನ್ನು ಬಿಡಿಸಿ ಅವಳ ಹತ್ತಿರ ಹಾಕಿದೆ.

"ಇಲ್ಲೇ ಕೂಡ್ತಾರ," ಎಂದೆ. "ಮೊದಲ ನೀ ಕೂಡು."